ರೆಕ್ಕೆಯ ಮೇಲಿನ ಐಸ್ ಮತ್ತು ಶ್ರುತಿ ತಪ್ಪುವ ಆಂಟೆನಾ

1994ರ ಅಕ್ಟೋಬರ್ 31. ಅಮೆರಿಕದ ಇಂಡಿಯಾನಾಪೊಲಿಸ್‌ನಿಂದ ಶಿಕಾಗೋಗೆ ಹೊರಟಿದ್ದ ಎಟಿಆರ್ 72 ವಿಮಾನಕ್ಕೆ ‘ಈಗಲೇ ಇಳಿಯಬೇಡಿ, ಅಲ್ಲೇ ಸುತ್ತುತ್ತಿರಿ’ ಅಂತ ಸೂಚನೆ ಬಂತು. ಸುಮಾರು ಅರ್ಧ ಗಂಟೆ ಚಳಿ ಮೋಡದೊಳಗೆ ಸುತ್ತಿತು. ಆಮೇಲೆ ರೋಸ್‌ಲಾನ್ ಎಂಬ ಊರಿನ ಹತ್ತಿರ ಹೊಲಕ್ಕೆ ಬಿತ್ತು. ಒಳಗಿದ್ದ 68 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಐಸ್ ಪತ್ತೆ ಮಾಡೋ ಸೆನ್ಸರ್ ಇರಲಿಲ್ವಾ ಅಂತ ಕೇಳ್ತೀರಾ? ಇತ್ತು! ಎಡ ರೆಕ್ಕೆಯ ಅಡಿಯಲ್ಲಿ ಒಂದು ಪುಟ್ಟ ಕಡ್ಡಿ. ಸೆಕೆಂಡಿಗೆ ಸುಮಾರು 40,000 ಸಲ ಕಂಪಿಸುತ್ತೆ, ಐಸ್ ಕೂತರೆ ಭಾರಕ್ಕೆ ಕಂಪನ ನಿಧಾನವಾಗುತ್ತೆ, ಪೈಲಟ್‌ಗೆ ಎಚ್ಚರಿಕೆ ಹೋಗುತ್ತೆ. ಆ ದಿನ ಎಚ್ಚರಿಕೆ ಮೊಳಗಿತ್ತು ಕೂಡ. ಆದರೆ ಕಡ್ಡಿಗೆ ಗೊತ್ತಾಗೋದು ತನ್ನ ಮೈಮೇಲಿನ ಐಸ್ ಮಾತ್ರ.

ರೆಕ್ಕೆಯ ಮುಂದಿನ ಅಂಚಲ್ಲಿ ಗಾಳಿ ತುಂಬಿ ಉಬ್ಬೋ ರಬ್ಬರ್ ಪಟ್ಟಿ ಇರುತ್ತೆ, ಅದು ಉಬ್ಬಿದಾಗ ಐಸ್ ಒಡೆದು ಉದುರುತ್ತೆ. ಅವತ್ತಿನ ಮೋಡದಲ್ಲಿದ್ದದ್ದು ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದರೂ ಗಟ್ಟಿಯಾಗದ ದೊಡ್ಡ ಹನಿಗಳು. ಅವು ಪಟ್ಟಿ ದಾಟಿ, ಅದರ ಹಿಂದೆ ದಿಬ್ಬದ ಹಾಗೆ ಹೆಪ್ಪುಗಟ್ಟಿದವು. ಗಾಳಿಯ ಹರಿವು ಕೆಟ್ಟು ವಿಮಾನ ಇದ್ದಕ್ಕಿದ್ದಂತೆ ಮಗುಚಿತು. ಅಂದ್ರೆ ಸೆನ್ಸರ್ ಇತ್ತು, ಇರಬೇಕಾದ ಜಾಗದಲ್ಲಿ ಇರಲಿಲ್ಲ.

ಹಾಗಾದ್ರೆ ರೆಕ್ಕೆ ತುಂಬಾ ಸೆನ್ಸರ್ ಇಡಬಹುದಲ್ವಾ? ಪ್ರತಿಯೊಂದಕ್ಕೂ ತೂತು, ವೈರು, ತೂಕ. ಇಲ್ಲಿ ಆಂಟೆನಾ ಬರುತ್ತೆ. ಆಂಟೆನಾ ಮೇಲೆ ಐಸ್ ಕೂತರೆ ಅದರ ಶ್ರುತಿ ತಪ್ಪುತ್ತೆ ಅನ್ನೋದು ಪ್ರಸಾರ ಗೋಪುರದ ಎಂಜಿನಿಯರ್‌ಗಳಿಗೆ ಹಳೇ ತಲೆನೋವು. ಪಿಯುಸಿಯ ಕೆಪಾಸಿಟರ್ ಪಾಠ ನೆನಪಿದ್ಯಾ? ಗಾಳಿಯ ಡೈಎಲೆಕ್ಟ್ರಿಕ್ ಸ್ಥಿರಾಂಕ 1, ಐಸ್‌ನದ್ದು ಸುಮಾರು 3. ಜಲತರಂಗದ ಬಟ್ಟಲಿಗೆ ನೀರು ಹಾಕಿದಷ್ಟೂ ಸ್ವರ ಇಳಿಯೋ ಹಾಗೆ, ಐಸ್ ದಪ್ಪವಾದಷ್ಟೂ ಆಂಟೆನಾದ ಆವರ್ತನ ಇಳಿಯುತ್ತೆ. ಸಂಶೋಧಕರು ಆ ತಲೆನೋವನ್ನೇ ಅಳತೆಗೋಲು ಮಾಡಿಕೊಂಡರು! ಸ್ಟಿಕ್ಕರ್‌ನಷ್ಟು ತೆಳು ಆಂಟೆನಾ ಅಂಟಿಸಿ, ದೂರದಿಂದ ರೇಡಿಯೋ ಅಲೆ ಕಳಿಸಿ, ವಾಪಸ್ ಬಂದದ್ದನ್ನು ಓದೋದು. ವೈರೂ ಬೇಡ, ಬ್ಯಾಟರಿನೂ ಬೇಡ. ನಿಮ್ಮನೆ ಕಾರಿನ ಫಾಸ್ಟ್‌ಟ್ಯಾಗ್‌ಗೂ ಬ್ಯಾಟರಿ ಇಲ್ಲ, ನೋಡಿ.

ಕಷ್ಟ ಇರೋದು ನೀರಿನಿಂದ. ಅದರ ಸ್ಥಿರಾಂಕ 80ರ ಆಸುಪಾಸು, ಹಾಗಾಗಿ ತೆಳು ನೀರಿನ ಪದರವೇ ದಪ್ಪ ಐಸ್ ಥರ ಕಾಣಬಹುದು. ಅದಕ್ಕೇ ಜೊತೆಗೆ ತಾಪಮಾನವನ್ನೂ ಅಳೀಬೇಕು. ಆದರೆ ಒಂದು ಮಜಾ ಇದೆ: ಆ ನೀರು ಹೆಪ್ಪುಗಟ್ಟಿದ ಕೂಡಲೇ ಇಳಿದಿದ್ದ ಆವರ್ತನ ಮತ್ತೆ ಮೇಲಕ್ಕೆ ಜಿಗಿಯುತ್ತೆ. ಹನಿ ಐಸ್ ಆದ ಕ್ಷಣವನ್ನು ಆಂಟೆನಾ ಹೀಗೆ ಹೇಳಿಬಿಡುತ್ತೆ.