ಬಳೆಚೂರಿನ ಸಾಕ್ಷಿ: ಹಳೆಯ ಕೈಗೆಲಸದ ಗಾಜನ್ನು ಗುರುತಿಸುವ ಬಗೆ

ಇಟಗಿಯ ಮಹಾದೇವ ದೇವಾಲಯದ ಹೆಸರನ್ನು ಕೇಳದ ಕನ್ನಡಿಗರು ವಿರಳ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕ್ರಿ.ಶ. ೧೧೧೨ರಲ್ಲಿ ಕಟ್ಟಿಸಿದ ಈ ಗುಡಿಯನ್ನು ಅಲ್ಲಿಯ ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದೆ. ಇಟಗಿಯ ಒಂದು ಕಡೆಗೆ ದಾನಚಿಂತಾಮಣಿ ಅತ್ತಿಮಬ್ಬೆಯ ಜಿನಾಲಯವುಳ್ಳ ಲಕ್ಕುಂಡಿ. ಇನ್ನೊಂದು ಕಡೆಗೆ, ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ಸೀಮೆಯಲ್ಲಿ ಎಣಿಸಿರುವ, ಜೈನರ ಮಹಾತೀರ್ಥವಾದ ಕೊಪಣ. ಈ ನಾಡಿನ ಕಲ್ಲುಗಳ ಕಥೆಯನ್ನು ವಿದ್ವಾಂಸರು ಬಹಳವಾಗಿ ಬರೆದಿದ್ದಾರೆ. ಆದರೆ ಇದೇ ನೆಲದ ಮಣ್ಣಿನಲ್ಲಿ ಅಕ್ಷರವಿಲ್ಲದ ಶಾಸನಗಳೂ ಉಂಟು. ಉಳುವ ನೇಗಿಲಿಗೋ ಬುನಾದಿ ತೋಡುವ ಗುದ್ದಲಿಗೋ ಎದುರಾಗುವ ಗಾಜಿನ ಬಳೆಚೂರು ಮತ್ತು ಮಣಿ ಅಂಥವು. ‘ಯಾವುದೋ ಒಡಕು’ ಎಂದು ನಾವು ಎಸೆದುಬಿಡುವ ಈ ಚೂರುಗಳನ್ನು ಗುರುತಿಸುವುದು ಹೇಗೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಗಾಜು ನಮ್ಮ ನಾಡಿಗೆ ಪರಕೀಯರು ತಂದ ಹೊಸ ವಸ್ತುವೆಂಬ ಭಾವನೆ ಸರಿಯಲ್ಲ. ಅಶೋಕನ ಹೆಸರನ್ನು ಹೊತ್ತ ಶಾಸನದಿಂದ ೧೯೧೫ರಲ್ಲಿ ಲೋಕಪ್ರಸಿದ್ಧವಾದ ಮಸ್ಕಿಯಲ್ಲಿ ಬಿ. ಕೆ. ಥಾಪರ್ ಅವರು ೧೯೫೪ರಲ್ಲಿ ನಡೆಸಿದ ಉತ್ಖನನದಲ್ಲಿ ಗಾಜಿನ ಮಣಿಗಳು ದೊರೆತಿವೆ. ೧೯೪೭ರಲ್ಲಿ ವೀಲರ್ ಅವರು ಅಗೆದ ಬ್ರಹ್ಮಗಿರಿಯಲ್ಲಿಯೂ ಗಾಜಿನ ಆಭರಣಗಳು ಕಂಡುಬಂದಿವೆ. ಮೊರೇಶ್ವರ ದೀಕ್ಷಿತರು ೧೯೬೯ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಭಾರತೀಯ ಗಾಜಿನ ಇತಿಹಾಸವನ್ನೇ ಕ್ರಮವಾಗಿ ನಿರೂಪಿಸಿದ್ದಾರೆ.

ನಮ್ಮ ಕುಶಲಿಗಳು ಗಾಜನ್ನು ಹೇಗೆ ಮಾಡುತ್ತಿದ್ದರೆಂಬುದಕ್ಕೆ ಪ್ರತ್ಯಕ್ಷ ಸಾಕ್ಷ್ಯವೂ ಇದೆ. ಟಿಪ್ಪುವಿನ ಪತನಾನಂತರ ೧೮೦೦-೧೮೦೧ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕನನ್ನನು ಇಂದಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಗಾಜಿನ ಕುಲುಮೆಗಳನ್ನು ಕಂಡನು. ಸವಳು ಮಣ್ಣಿನಿಂದ ತೆಗೆದ ಉಪ್ಪು, ಬೆಣಚುಕಲ್ಲಿನ ಪುಡಿ, ಇವೇ ಅಲ್ಲಿಯ ಗಾಜಿನ ಮೂಲದ್ರವ್ಯಗಳು. ಕಪ್ಪು, ಹಸುರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣಗಳಲ್ಲಿ ಕಪ್ಪಿಗೇ ಹೆಚ್ಚು ಗಿರಾಕಿಯೆಂದೂ, ಹಳದಿ ಬಣ್ಣಕ್ಕೆ ಬೇಕಾದ ಅಲ್ಪ ಸಾಮಗ್ರಿಯ ಹೊರತು ಉಳಿದದ್ದೆಲ್ಲವೂ ಆ ನೆರೆಹೊರೆಯಲ್ಲಿಯೇ ದೊರೆಯುತ್ತಿತ್ತೆಂದೂ ಆತನು ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಬರೆದಿದ್ದಾನೆ. ಗಾಜು ಒರಟು, ಪಾರದರ್ಶಕವಲ್ಲ ಎಂಬುದು ಆತನ ಅಭಿಪ್ರಾಯ. ಆದರೆ ಆ ಒರಟುತನವೇ ಇಂದು ನಮಗೆ ಗುರುತಿನ ಚೀಟಿಯಾಗಿದೆ. ಆಧುನಿಕ ರಾಸಾಯನಿಕ ಪರೀಕ್ಷೆಗಳ ಪ್ರಕಾರ, ಇಂಥ ಮಣ್ಣುಪ್ಪಿನಿಂದಾದ ಭಾರತೀಯ ಗಾಜಿನಲ್ಲಿ ಅಲ್ಯೂಮಿನಾ ಅಂಶವು ಅಧಿಕ. ರೋಮನರ ಗಾಜಿನಲ್ಲಿ ಅದು ಕಡಿಮೆ. ಎಂದರೆ, ನೆಲದ ಗುಣವು ಗಾಜಿನೊಳಗೆ ಅಳಿಯದೆ ಉಳಿದಿರುತ್ತದೆ.

ಇನ್ನು ಚೂರನ್ನು ಕೈಗೆತ್ತಿಕೊಂಡು ನೋಡುವ ಕ್ರಮವನ್ನು ವಿಚಾರಿಸೋಣ. ಬೆಸುಗೆಯಿಲ್ಲದ ಬಳೆಯನ್ನು ಮಾಡುವಾಗ, ಕರಗಿದ ಗಾಜಿನ ಮುದ್ದೆಯನ್ನು ಕಬ್ಬಿಣದ ಸಲಾಕೆಯಿಂದ ತೆಗೆದು, ಚುಚ್ಚಿ ಸಣ್ಣ ಉಂಗುರವಾಗಿಸಿ, ಶಂಕುವಿನಾಕಾರದ ಮಣ್ಣಿನ ಅಚ್ಚಿಗೆ ಏರಿಸಿ, ತಿರುಗಿಸುತ್ತ ತಿರುಗಿಸುತ್ತ ಹಿಗ್ಗಿಸುವರು. ಆದಕಾರಣ ಬಳೆಯ ಹೊರಮೈ ಬೆಂಕಿಯ ಹೊಳಪಿನಿಂದ ನುಣುಪಾಗಿಯೂ, ಅಚ್ಚಿಗೆ ತಗುಲಿದ ಒಳಮೈ ಚಪ್ಪಟೆಯಾಗಿ, ಮಂಕಾಗಿ, ತುಸು ಓರೆಯಾಗಿಯೂ ಇರುತ್ತದೆ. ಭೂತಗನ್ನಡಿಯಿಂದ ನೋಡಿದರೆ ಒಳಗಿನ ಗಾಳಿಗುಳ್ಳೆಗಳು ದುಂಡಗಿರದೆ ಬಳೆಯ ಬಾಗನ್ನೇ ಅನುಸರಿಸಿ ನೀಳವಾಗಿರುತ್ತವೆ. ಗಾಜಿನ ಎಳೆಯನ್ನು ಬಾಗಿಸಿ ತುದಿಗಳನ್ನು ಕೂಡಿಸಿದ ಬಳೆಯಲ್ಲಾದರೋ ಸಂದು ಕಾಣುತ್ತದೆ. ಫಿರೋಜಾಬಾದಿನ ಬಳೆಗಳು ಈ ಬಗೆಯವು. ಅಚ್ಚಿನಲ್ಲಿ ಒತ್ತಿದ ಯಂತ್ರದ ಗಾಜಿನಲ್ಲಿ ಕೂಡುಗೆರೆ ಇರುವುದುಂಟು. ಕಪ್ಪಾಗಿ ತೋರುವ ಚೂರಿನ ತೆಳು ಅಂಚನ್ನು ಬಿಸಿಲಿಗೆ ಹಿಡಿದರೆ ಹಲವು ವೇಳೆ ಅದು ಕಡುಹಸುರಾಗಿಯೋ ಕಂದಾಗಿಯೋ ಕಂಡೀತು.

ಮಣಿಗಳನ್ನು ಮಾಡುವುದರಲ್ಲಿ ಎರಡು ಮುಖ್ಯ ವಿಧಗಳಿವೆ. ಗಾಜನ್ನು ಟೊಳ್ಳು ಕೊಳವೆಯಾಗಿ ಎಳೆದು ತುಂಡರಿಸಿದ ಮಣಿಯಲ್ಲಿ ಗುಳ್ಳೆಗಳೂ ಗೆರೆಗಳೂ ರಂಧ್ರಕ್ಕೆ ಸಮಾನಾಂತರವಾಗಿರುತ್ತವೆ. ಕಡ್ಡಿಯ ಮೇಲೆ ಸುತ್ತಿ ಮಾಡಿದ ಮಣಿಯಲ್ಲಿ ಅವು ರಂಧ್ರವನ್ನು ಬಳಸಿಕೊಂಡಿರುತ್ತವೆ. ಎಳೆದ ಮಣಿಗೆ ಪುದುಚೇರಿಯ ಬಳಿಯ ಅರಿಕಮೇಡು ಪ್ರಾಚೀನ ಕಾಲದಲ್ಲಿ ಪ್ರಸಿದ್ಧ ಕೇಂದ್ರವಾಗಿತ್ತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೈಗೆಲಸದ್ದೆಲ್ಲವೂ ಪುರಾತನವಲ್ಲ. ಕೈಯಿಂದ ಗಾಜು ಮಾಡುವವರು ಈಚಿನವರೆಗೂ ಇದ್ದರು, ಇಂದಿಗೂ ಇದ್ದಾರೆ. ಮೇಲಿನ ಲಕ್ಷಣಗಳು ಹೇಗೆ ಮಾಡಿದ್ದೆಂಬುದನ್ನು ಹೇಳುತ್ತವೆಯೇ ಹೊರತು ಯಾವಾಗ ಮಾಡಿದ್ದೆಂಬುದನ್ನಲ್ಲ. ಕಾಲವನ್ನು ಹೇಳುವುದು ಅದು ದೊರೆತ ಮಣ್ಣಿನ ಪದರ, ಜೊತೆಗೆ ದೊರೆತ ಮಡಕೆಚೂರು ಮತ್ತು ನಾಣ್ಯ. ಸ್ಥಳದಿಂದ ಬೇರ್ಪಟ್ಟ ಚೂರು ಅರ್ಧ ಮೂಕವಾದಂತೆ.

ಜೈನ ಬಾಂಧವರಿಗೆ ಈ ವಿವೇಚನೆ ಇನ್ನೊಂದು ಕಾರಣದಿಂದಲೂ ಅವಶ್ಯ. ನಮ್ಮ ಬಸದಿಗಳಲ್ಲಿಯೂ ಮನೆಯ ದೇವರ ಪೆಟ್ಟಿಗೆಗಳಲ್ಲಿಯೂ ಸ್ಫಟಿಕದ ಜಿನಬಿಂಬಗಳುಂಟು. ಮೂಡುಬಿದಿರೆಯ ರತ್ನಬಿಂಬಗಳಂತೂ ಜಗದ್ವಿಖ್ಯಾತ. ಸ್ಫಟಿಕಕ್ಕೂ ಗಾಜಿಗೂ ತೂಕದಲ್ಲಿ ಹೆಚ್ಚಿನ ಅಂತರವಿಲ್ಲ. ಸ್ಫಟಿಕದ ಸಾಂದ್ರತೆ ೨.೬೫, ಸಾಮಾನ್ಯ ಗಾಜಿನದು ಸುಮಾರು ೨.೫. ಮುಟ್ಟಿದರೆ ಸ್ಫಟಿಕವು ಹೆಚ್ಚು ತಣ್ಣಗಿರುತ್ತದೆ. ದುಂಡು ಗುಳ್ಳೆಗಳು ಕಂಡರೆ ಅದು ಬಹುಮಟ್ಟಿಗೆ ಗಾಜು. ಸ್ಫಟಿಕದಲ್ಲಿ ಮಂಜಿನ ತೆರೆಯಂಥ ನೈಸರ್ಗಿಕ ಕಲೆಗಳಿರುವುದುಂಟು. ಸ್ಫಟಿಕವು ಬೆಳಕನ್ನು ಎರಡಾಗಿ ಒಡೆಯುವುದರಿಂದ, ಸ್ಫಟಿಕದ ಗುಂಡನ್ನು ಒಂದು ಗೆರೆಯ ಮೇಲಿಟ್ಟು ತಿರುಗಿಸುತ್ತ ನೋಡಿದರೆ ಗೆರೆಯು ಜೋಡಿಯಾಗಿ ತೋರುತ್ತದೆ, ಗಾಜಿನಲ್ಲಿ ಹಾಗಾಗದು. ಗೀರಿ ನೋಡುವ ಪರೀಕ್ಷೆಯನ್ನು ಮಾತ್ರ ಪೂಜಾಬಿಂಬದ ಮೇಲೆ ಎಂದಿಗೂ ಮಾಡಬಾರದು. ಸಂದೇಹ ಉಳಿದರೆ ರತ್ನಪರೀಕ್ಷಕರ ಯಂತ್ರವೇ ಪ್ರಮಾಣ.

ಬಿಂಬವು ಗಾಜಿನದೆಂದು ತಿಳಿದರೆ ಅದರ ಪೂಜ್ಯತೆಗೆ ಕುಂದೇನೂ ಇಲ್ಲ. ಇದ್ದುದನ್ನು ಇದ್ದಂತೆ ಕಾಣುವುದೇ ಸಮ್ಯಗ್ದರ್ಶನದ ದಾರಿಯಷ್ಟೆ. ಪ್ರಯೋಜನವೂ ಉಂಟು. ೨೦೧೩ರಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯ ಬಿಂಬಗಳು ಕಳವಾದುದನ್ನು ಸಮಾಜವು ಮರೆತಿಲ್ಲ. ದ್ರವ್ಯ, ಎತ್ತರ, ತೂಕ, ಛಾಯಾಚಿತ್ರ ಇವುಗಳ ಸತ್ಯವಾದ ದಾಖಲೆಯಿದ್ದರೆ ಕಳೆದ ವಸ್ತುವನ್ನು ‘ಇದು ನಮ್ಮದು’ ಎಂದು ಸಾಧಿಸುವುದು ಸುಲಭ.

ಜೀರ್ಣೋದ್ಧಾರದ ಸಮಯದಲ್ಲಿ ಗಾಡಿಗಟ್ಟಲೆ ಹಳೆಯ ಮಣ್ಣು ಹೊರಬೀಳುತ್ತದೆ. ಅದನ್ನು ಹಳ್ಳಕ್ಕೆ ಸುರಿಯುವ ಮುನ್ನ ಒಮ್ಮೆ ಜರಡಿ ಹಿಡಿಯಲಿ. ದೊರೆತ ಚೂರನ್ನು ಹುಳಿ ಹಾಕಿ ಉಜ್ಜಬಾರದು. ಅದರ ಮೇಲಿನ ಬಿಳಿ ಪೊರೆ, ಕಾಮನಬಿಲ್ಲಿನಂಥ ಮಿನುಗು ಕೊಳೆಯಲ್ಲ. ಬಹುಕಾಲ ಮಣ್ಣಿನೊಳಗಿದ್ದು ಗಾಜು ಸವೆದುದರ ಗುರುತು. ಒಣ ಹತ್ತಿಯಲ್ಲಿ ಸುತ್ತಿ, ದೊರೆತ ಜಾಗ, ಆಳ, ದಿನಾಂಕ ಬರೆದಿಟ್ಟು ರಾಜ್ಯ ಪುರಾತತ್ತ್ವ ಇಲಾಖೆಗೆ ತಿಳಿಸಬೇಕು.

ಇಟಗಿಯಲ್ಲಿ ಗುಡಿ ಕಟ್ಟಿಸಿದ ದಂಡನಾಯಕನ ಹೆಸರು ಕಲ್ಲಿನಲ್ಲಿದೆ. ಕುಲುಮೆಯ ಮುಂದೆ ಬೆವರು ಸುರಿಸಿದ ಗಾಜುಗಾರನ ಹೆಸರಾಗಲಿ, ಬಳೆ ತೊಟ್ಟು ಬಸದಿಗೆ ಬಂದ ಶ್ರಾವಕಿಯ ಹೆಸರಾಗಲಿ ಎಲ್ಲಿಯೂ ಇಲ್ಲ. ಅವರ ಪಾಲಿಗೆ ಉಳಿದಿರುವುದು ಈ ಚೂರೊಂದೇ. ಅದನ್ನು ಕಾಯುವುದು ನಮ್ಮ ಧರ್ಮ.