ಹೆರಿಗೆ ನೋವಿಗೆ ಮುನ್ನ ನೀರು ಒಡೆಯುವುದು

ಗರ್ಭಕ್ಕೆ 37 ವಾರ ತುಂಬಿದ ಬಳಿಕ, ಹೆರಿಗೆ ನೋವು ಆರಂಭವಾಗುವ ಮೊದಲೇ ಶಿಶುವನ್ನು ಸುತ್ತುವರಿದ ಪೊರೆ ಹರಿದು ಗರ್ಭಜಲ ಹೊರಬರುವುದುಂಟು. ಅವಧಿ ತುಂಬಿದ ನೂರು ಗರ್ಭಿಣಿಯರಲ್ಲಿ ಸುಮಾರು 8 ಮಂದಿಗೆ ಹೀಗಾಗುತ್ತದೆ. ನೀರು ಒಮ್ಮೆಲೇ ಸುರಿಯಬಹುದು, ಇಲ್ಲವೆ ತೊಟ್ಟಿಕ್ಕುತ್ತಿರಬಹುದು. ಎರಡನೆಯದನ್ನು ಮೂತ್ರವೆಂದು ಭಾವಿಸಿ ಕಡೆಗಣಿಸುವವರಿದ್ದಾರೆ.

ಪೊರೆ ಹರಿದ ಮೇಲೆ ಸೂಕ್ಷ್ಮಜೀವಿಗಳು ಗರ್ಭಕೋಶವನ್ನು ಸೇರಲು ದಾರಿಯಾಗುತ್ತದೆ. ಕಾಲ ಕಳೆದಂತೆ ಸೋಂಕಿನ ಅಪಾಯ ಹೆಚ್ಚುತ್ತದೆ. ಆದರೂ ಹೆಚ್ಚಿನವರಲ್ಲಿ 24 ಗಂಟೆಗಳೊಳಗೆ ನೋವು ತಾನಾಗಿಯೇ ಆರಂಭವಾಗುತ್ತದೆ. ಹಾಗಾದರೆ ಕಾಯಬೇಕೆ, ಔಷಧಿಯಿಂದ ನೋವು ಬರಿಸಬೇಕೆ? 1996ರಲ್ಲಿ ಪ್ರಕಟವಾದ, ಆರು ದೇಶಗಳ 5,041 ಮಹಿಳೆಯರನ್ನು ಒಳಗೊಂಡ ಅಧ್ಯಯನವೊಂದು ಇದನ್ನೇ ಪರಿಶೀಲಿಸಿತು. ಎರಡೂ ಗುಂಪುಗಳಲ್ಲಿ ಸಿಸೇರಿಯನ್ ಪ್ರಮಾಣವೂ ನವಜಾತ ಶಿಶುಗಳ ಸೋಂಕೂ ಹೆಚ್ಚುಕಡಿಮೆ ಒಂದೇ ಆಗಿದ್ದವು. ಕೂಡಲೇ ಆಕ್ಸಿಟೋಸಿನ್ ಡ್ರಿಪ್ ಪಡೆದ ತಾಯಂದಿರಲ್ಲಿ ಸೋಂಕು ಕಡಿಮೆಯಿತ್ತು. ನೋವು ಬರಿಸಿದರೆ ಆಪರೇಷನ್ ತಪ್ಪದು ಎಂಬ ಜನಜನಿತ ಭಯವನ್ನು ಈ ಫಲಿತಾಂಶ ಸಮರ್ಥಿಸುವುದಿಲ್ಲ.

ಆದ್ದರಿಂದ ಆರೋಗ್ಯವಂತ ಗರ್ಭಿಣಿಯು ವೈದ್ಯರೊಡನೆ ಚರ್ಚಿಸಿ ಕೆಲಕಾಲ ಕಾಯುವುದಕ್ಕೆ ಅವಕಾಶವಿದೆ. ಆದರೆ ನೀರು ಒಡೆದ ಕೂಡಲೇ ಆಸ್ಪತ್ರೆಯಲ್ಲಿ ತಪಾಸಣೆ ಆಗಲೇಬೇಕು. ನೀರು ಹಸಿರು ಅಥವಾ ಕಂದು ಬಣ್ಣಕ್ಕಿದ್ದರೆ, ದುರ್ವಾಸನೆಯಿದ್ದರೆ, ಜ್ವರ ಬಂದರೆ, ರಕ್ತ ಹೋದರೆ ಅಥವಾ ಮಗುವಿನ ಚಲನೆ ಕುಗ್ಗಿದರೆ ಮನೆಯಲ್ಲಿ ಕಾಯುವಂತಿಲ್ಲ.