407 ಯಾಕೆ ಬಂತು? ಕೋಲ್ಕತಾದ ಮೊದಲ ಮೋಡೆಮ್‌ನಿಂದ ನಮ್ಮ ಕಾನ್ಫಿಗ್ ಫೈಲ್‌ವರೆಗೆ

ಸಾಲ್ಟ್ ಲೇಕ್ ಸೆಕ್ಟರ್ ಫೈವ್‌ನಲ್ಲೋ ನ್ಯೂ ಟೌನ್‌ನಲ್ಲೋ ಕೂತು ಕೆಲಸ ಮಾಡೋ ನಮ್ಮವರಿಗೆ 407 ಅನ್ನೋ ಸಂಖ್ಯೆ ಹೊಸದೇನಲ್ಲ. ಮನೆಯಲ್ಲಿ ಚೆನ್ನಾಗೇ ಓಡ್ತಿದ್ದ ವೆಬ್ ಅಪ್ಲಿಕೇಶನ್ನು ಆಫೀಸ್ ಸರ್ವರ್‌ಗೆ ಹಾಕಿದ ತಕ್ಷಣ ‘ಪ್ರಾಕ್ಸಿ ಅಥೆಂಟಿಕೇಶನ್ ರಿಕ್ವೈರ್ಡ್’ ಅಂತ ನಿಂತುಬಿಡುತ್ತೆ. ಆಗ ಯಾರೋ ಒಬ್ಬರು ತಮ್ಮದೇ ಲಾಗಿನ್, ಪಾಸ್‌ವರ್ಡ್ ಹಾಕಿ ಕೆಲಸ ಮುಗಿಸ್ತಾರೆ. ಅದು ಯಾಕೆ ಅಪಾಯ ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗೋಣ.

1995ರ ಜುಲೈ 31. ಮುಖ್ಯಮಂತ್ರಿ ಜ್ಯೋತಿ ಬಸು ಇದೇ ಊರಿನ ರೈಟರ್ಸ್ ಬಿಲ್ಡಿಂಗ್‌ನಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಅದಾಗಿ ಹದಿನೈದೇ ದಿನಕ್ಕೆ, ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು. ಮೊದಲು ಸಿಕ್ಕ ಊರುಗಳಲ್ಲಿ ಕೋಲ್ಕತಾನೂ ಒಂದು. ಫೋನ್ ಲೈನು, ಮೋಡೆಮ್ಮು, ಸೆಕೆಂಡಿಗೆ 9.6 ಕಿಲೋಬಿಟ್. ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದಿದ್ದು 1998ರ ನವೆಂಬರ್‌ನಲ್ಲಿ.

ಲೈನು ಸಣ್ಣದು, ಬೇಕಾದವರು ಹಲವರು. ಇಂಥ ಬರಗಾಲಕ್ಕೆ ಹೇಳಿ ಮಾಡಿಸಿದ್ದು ಪ್ರಾಕ್ಸಿ. 1994ರಲ್ಲೇ ಸರ್ನ್‌ನ ಆರಿ ಲುವೊಟೊನೆನ್ ಮತ್ತು ಕೆವಿನ್ ಆಲ್ಟಿಸ್ ಇದರ ಬಗ್ಗೆ ಪ್ರಬಂಧ ಬರೆದಿದ್ದರು. 1996ರಲ್ಲಿ ಉಚಿತವಾದ ಸ್ಕ್ವಿಡ್ ಬಂತು. ಒಬ್ಬರು ತರಿಸಿದ ಪುಟವನ್ನು ಪ್ರಾಕ್ಸಿ ತನ್ನ ಡಿಸ್ಕ್‌ನಲ್ಲಿ ಇಟ್ಟುಕೊಂಡು, ಇನ್ನೊಬ್ಬರು ಕೇಳಿದಾಗ ಅಲ್ಲಿಂದಲೇ ಕೊಡುತ್ತೆ.

ಹಂಚಿಕೊಂಡ ಮೇಲೆ ಲೆಕ್ಕ ಬೇಡವೇ? ಯಾರು ಎಷ್ಟು ಬಳಸಿದರು, ಯಾರಿಗೆ ಹೊರಗೆ ಹೋಗಲು ಅನುಮತಿ? 1997ರ ಜನವರಿಯಲ್ಲಿ ಬಂದ ಆರ್‌ಎಫ್‌ಸಿ 2068, ಅಂದ್ರೆ ಎಚ್‌ಟಿಟಿಪಿ 1.1, ಇದಕ್ಕೆ 407 ಅನ್ನೋ ಉತ್ತರವನ್ನು ಗೊತ್ತುಮಾಡಿತು. ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. 401 ಅಂದ್ರೆ ನಾವು ಹೋಗಬೇಕಾದ ಮನೆಯವರೇ ‘ಯಾರು ನೀವು?’ ಅನ್ನೋದು. 407 ಅಂದ್ರೆ ದಾರಿ ಮಧ್ಯದ ಗೇಟಿನವನು ಕೇಳೋದು. ಎರಡಕ್ಕೂ ಬೇರೆ ಬೇರೆ ಹೆಡರ್, ಬೇರೆ ಬೇರೆ ಗುರುತು. ಅದಕ್ಕೇ ನಮ್ಮ ಆಪ್‌ನ ಲಾಗಿನ್ ಕೋಡ್ ಎಷ್ಟೇ ಸರಿಯಿದ್ದರೂ 407 ಹೋಗಲ್ಲ. ಹೊರಗೆ ಕರೆ ಮಾಡೋ ಎಚ್‌ಟಿಟಿಪಿ ಕ್ಲೈಂಟ್‌ಗೆ ಪ್ರಾಕ್ಸಿಯ ವಿಳಾಸ, ಪೋರ್ಟ್, ಯೂಸರ್, ಪಾಸ್‌ವರ್ಡ್ ಪ್ರತ್ಯೇಕವಾಗಿ ಹೇಳಬೇಕು. ಒಳಗಿನ ಸರ್ವರ್‌ಗಳಿಗೆ ಪ್ರಾಕ್ಸಿ ಬೇಡ ಅನ್ನೋದನ್ನೂ ಹೇಳಬೇಕು.

ಈಗ ಪಾಸ್‌ವರ್ಡ್ ವಿಷಯ. ಬೇಸಿಕ್ ವಿಧಾನದಲ್ಲಿ ಅದು ಬೇಸ್64 ರೂಪದಲ್ಲಿ ಹೋಗುತ್ತೆ. ಅದು ಗೂಢಲಿಪಿ ಅಲ್ಲ, ಬರೀ ವೇಷ. ಯಾರು ಬೇಕಾದರೂ ಕಳಚಬಹುದು. ಬೇರೆ ರಕ್ಷಣೆ ಇಲ್ಲದಿದ್ದರೆ ಇದು ಸುರಕ್ಷಿತ ಅಲ್ಲ ಅಂತ 1999ರ ಆರ್‌ಎಫ್‌ಸಿ 2617 ಹೇಳಿತ್ತು. ಆದರೂ ಬಳಕೆ ನಿಲ್ಲಲಿಲ್ಲ. 2016ರ ಅಕ್ಟೋಬರ್‌ನಲ್ಲಿ ಜಾವಾ 8ರ ಅಪ್‌ಡೇಟ್ 111, ಎಚ್‌ಟಿಟಿಪಿಎಸ್ ಟನಲ್‌ಗೆ ಪ್ರಾಕ್ಸಿ ಕೇಳೋ ಬೇಸಿಕ್ ಗುರುತನ್ನು ತಾನಾಗೇ ಕೊಡೋದನ್ನು ನಿಲ್ಲಿಸಿತು. ಹಳೇ ಸೆಟ್ಟಿಂಗ್ ಹಾಗೇ ಇದ್ದರೂ 407 ಬರೋಕೆ ಇದೂ ಒಂದು ಕಾರಣ.

ಪ್ರಾಕ್ಸಿ ಹೆಸರು ಕೇಳಿದ್ದೇ ಲೆಕ್ಕಕ್ಕಾಗಿ. ಸರ್ವರ್‌ನಲ್ಲಿ ನಿಮ್ಮ ಲಾಗಿನ್ ಇಟ್ಟರೆ, ಆ ಆಪ್ ಮಾಡಿದ್ದೆಲ್ಲ ಲಾಗ್‌ನಲ್ಲಿ ನಿಮ್ಮ ಹೆಸರಿಗೇ ಬೀಳುತ್ತೆ. ನೀವು ಪಾಸ್‌ವರ್ಡ್ ಬದಲಿಸಿದ ದಿನ ಆಪ್ ನಿಲ್ಲುತ್ತೆ. ನೀವು ಬೆಂಗಳೂರಿಗೆ ವರ್ಗವಾದರೂ ಆ ಫೈಲ್ ಓದಬಲ್ಲ ಪ್ರತಿಯೊಬ್ಬರ ಕೈಲೂ ನಿಮ್ಮ ಗುರುತು ಇರುತ್ತೆ. ಆದ್ದರಿಂದ ಆಪ್‌ಗೇ ಅಂತ ಬೇರೆ ಸರ್ವಿಸ್ ಅಕೌಂಟ್ ಕೇಳಿ ತಗೊಳ್ಳಿ, ಅದರ ಪಾಸ್‌ವರ್ಡನ್ನು ಕೋಡ್‌ನಿಂದ ಹೊರಗಿಡಿ. ಗೇಟಿನವನಿಗೆ ಆಪ್ ತನ್ನ ಹೆಸರನ್ನೇ ಹೇಳಲಿ, ನಿಮ್ಮ ಹೆಸರನ್ನಲ್ಲ.